ಕರೆಂಟು ಬಂದ ಮೇಲೂ ಏಳದ ಪೈ: ಹಾಲಿನ ಸೊಸೈಟಿಯೊಂದರ ಬ್ಯಾಟರಿ ಬ್ಯಾಕಪ್ ಪ್ರಕರಣ

ಹಿನ್ನೆಲೆ

ಕಾಸರಗೋಡು ಜಿಲ್ಲೆಯಲ್ಲಿ ಕರ್ನಾಟಕದ ಗಡಿಗೆ ತಾಗಿಕೊಂಡಿರುವ ಒಂದು ಹಳ್ಳಿಯ ಹಾಲಿನ ಸೊಸೈಟಿ ಇದು. ಸದಸ್ಯರು ನೂರರೊಳಗೆ. ಬೆಳಿಗ್ಗೆ ಮತ್ತು ಮಧ್ಯಾಹ್ನದ ಮೇಲೆ, ದಿನಕ್ಕೆ ಎರಡು ಹೊತ್ತು ಹಾಲು ಅಳೆಯುತ್ತಾರೆ. ತೂಕದ ಯಂತ್ರ, ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡುವ ಯಂತ್ರ, ಇವೆರಡರಿಂದಲೂ ಸೀರಿಯಲ್ ತಂತಿಯಲ್ಲಿ ಅಂಕಿ ತೆಗೆದುಕೊಂಡು ದರ ಲೆಕ್ಕ ಹಾಕಿ ಚೀಟಿ ಮುದ್ರಿಸುವ ಕೆಲಸ ಅಂಗೈಯಗಲದ ಕಂಪ್ಯೂಟರಾದ ಒಂದು ರಾಸ್ಪ್‌ಬೆರಿ ಪೈ 3ಬಿ ಪ್ಲಸ್‌ನದು. ಜೊತೆಗೆ ಏಳು ಇಂಚಿನ ಪರದೆ, ಯುಎಸ್‌ಬಿ ಹಬ್, ಥರ್ಮಲ್ ಪ್ರಿಂಟರ್. ಚೀಟಿ ಕನ್ನಡದಲ್ಲೂ ಮಲಯಾಳದಲ್ಲೂ ಬರುತ್ತದೆ.

ಗುರುತು ಸಿಗುವಂಥ ವಿವರಗಳನ್ನು ಇಲ್ಲಿ ಕೈಬಿಟ್ಟಿದೆ. ವಿದ್ಯುತ್ತಿನ ಅಂಕಿಗಳೆಲ್ಲ ಬ್ಯಾಕಪ್ ಜೋಡಿಸಿದ ಪೆಟ್ಟಿಗೆಯಲ್ಲಿ ಇದ್ದವೇ.

ತೂಕದ ಯಂತ್ರಕ್ಕೆ ಒಳಗೇ ಸಣ್ಣ ಬ್ಯಾಟರಿ ಇತ್ತು. ಫ್ಯಾಟ್ ಯಂತ್ರ 12 ವೋಲ್ಟ್ ಡಿಸಿಯಲ್ಲಿ ಓಡುವಂಥದ್ದಾದ್ದರಿಂದ ಅದಕ್ಕೊಂದು ಹಳೆಯ ಕಾರಿನ ಬ್ಯಾಟರಿ ಇಟ್ಟಿದ್ದರು. ಕರೆಂಟು ಹೋದರೆ ಕಣ್ಣು ಮುಚ್ಚುತ್ತಿದ್ದದ್ದು ಪೈ ಮತ್ತು ಪ್ರಿಂಟರ್ ಮಾತ್ರ.

ಸಮಸ್ಯೆ

ಮಳೆಗಾಲದಲ್ಲಿ ತಂತಿಯ ಮೇಲೆ ತೆಂಗಿನ ಮಡಲೋ ಅಡಿಕೆ ಮರವೋ ಬಿದ್ದರೆ ಆ ಊರಲ್ಲಿ ಕರೆಂಟು ಗಂಟೆಗಟ್ಟಲೆ ಇರುವುದಿಲ್ಲ. ಏಪ್ರಿಲ್‌-ಮೇಯಲ್ಲಿ ಮತ್ತು ತುಲಾ ಮಾಸದ (ಅಕ್ಟೋಬರ್-ನವೆಂಬರ್) ಸಿಡಿಲು ಮಳೆಯಲ್ಲಿ ಇನ್ನೊಂದು ಬಗೆ: ಒಂದೇ ಗಂಟೆಯಲ್ಲಿ ಹತ್ತು ಸಲ ಹೋಗಿ ಬರುತ್ತದೆ. ಗಂಟೆಗಟ್ಟಲೆ ಇಲ್ಲದಿರುವುದಕ್ಕಿಂತ ಈ ಹೋಗಿ ಬರುವ ಆಟವೇ ಪೈಗೆ ಹೆಚ್ಚು ಹಾನಿ. ಬೂಟ್ ಆಗುವಾಗ ಎಸ್‌ಡಿ ಕಾರ್ಡಿಗೆ ಬರಹ ಜಾಸ್ತಿ ನಡೆಯುತ್ತದೆ, ಅದೇ ಹೊತ್ತಿಗೆ ಕರೆಂಟು ಹೋದರೆ ಫೈಲ್ ಸಿಸ್ಟಮ್ ಕೆಡುತ್ತದೆ. ಸೊಸೈಟಿಯಲ್ಲಿ ಕಾರ್ಡ್ ಎರಡು ಸಲ ಹೀಗೆ ಹಾಳಾಗಿತ್ತು.

ಇನ್ನೊಂದು ತೊಂದರೆ ಅಷ್ಟು ಬೇಗ ಕಣ್ಣಿಗೆ ಬೀಳುವಂಥದ್ದಲ್ಲ. ಪೈ 3ರಲ್ಲಿ ಗಡಿಯಾರದ ಚಿಪ್ ಇಲ್ಲ, ಸಮಯವನ್ನು ಅದು ಇಂಟರ್ನೆಟ್ಟಿನಿಂದ ಪಡೆಯುತ್ತದೆ. ಕರೆಂಟು ಹೋದಾಗ ರೌಟರ್ ಕೂಡ ಸತ್ತಿರುತ್ತದೆ. ಮರಳಿ ಎದ್ದ ಪೈ, ತಾನು ಕೊನೆಗೆ ಉಳಿಸಿಟ್ಟ ಸಮಯದಿಂದಲೇ ಎಣಿಕೆ ಮುಂದುವರಿಸುತ್ತದೆ. ಹಾಗಾಗಿ ಬೆಳಗಿನ ಹಾಲು ಹಿಂದಿನ ದಿನದ ಮಧ್ಯಾಹ್ನದ ಲೆಕ್ಕಕ್ಕೆ ಸೇರಿದ್ದೂ ಉಂಟು. ಇದಕ್ಕೆ ಡಿಎಸ್ 3231 ಗಡಿಯಾರ ಮಾಡ್ಯೂಲ್ ಹಾಕಿದ್ದು ಮೊದಲ ದಿನದ ಕೆಲಸ. ಅಲ್ಲಿಗೆ ಆ ಭಾಗ ಮುಗಿಯಿತು.

ಮೊದಲ ಯತ್ನ: ಪವರ್ ಬ್ಯಾಂಕ್

ಕಾರ್ಯದರ್ಶಿಯ ಮನೆಯಲ್ಲಿದ್ದ ಮೊಬೈಲ್ ಪವರ್ ಬ್ಯಾಂಕನ್ನು ಅಡಾಪ್ಟರ್ ಮತ್ತು ಪೈ ನಡುವೆ ಇಟ್ಟು ನೋಡಿದರು. ಒಂದು ವಾರ ನಿಲ್ಲಲಿಲ್ಲ. ಆ ಪವರ್ ಬ್ಯಾಂಕ್, ಚಾರ್ಜಿಂಗ್ ಬಂದ ಕೂಡಲೇ ಅಥವಾ ತಪ್ಪಿದ ಕೂಡಲೇ ಔಟ್‌ಪುಟ್ಟನ್ನು ಅರೆಕ್ಷಣ ನಿಲ್ಲಿಸಿ ಮತ್ತೆ ಕೊಡುವ ಜಾತಿಯದು. ಫೋನಿಗೆ ಅದು ಗೊತ್ತೇ ಆಗುವುದಿಲ್ಲ, ಪೈಗೆ ಅದು ರೀಬೂಟ್. ಅಂದರೆ ಕರೆಂಟು ಹೋದಾಗ ಒಂದು ಸಲ, ಬಂದಾಗ ಇನ್ನೊಂದು ಸಲ. ಬ್ಯಾಕಪ್ ಇಲ್ಲದಿದ್ದಾಗ ಒಂದು ಹೊಡೆತ ಬೀಳುತ್ತಿದ್ದ ಕಡೆ ಈಗ ಎರಡು ಬಿದ್ದಂತಾಯಿತು.

ಎರಡನೆಯ ಯತ್ನ: 18650 ಸೆಲ್

ಪೇಟೆಯಲ್ಲಿ ಮೊಬೈಲ್ ಮತ್ತು ಇನ್ವರ್ಟರ್ ರಿಪೇರಿ ಮಾಡುವ ಒಬ್ಬ ಯುವಕನಿಗೆ ಕೆಲಸ ಒಪ್ಪಿಸಿದರು. ಆತ ಜೋಡಿಸಿದ್ದು ಯೂಟ್ಯೂಬಿನಲ್ಲಿ ಸಾಮಾನ್ಯವಾಗಿ ಕಾಣುವ ಜೋಡಣೆ: 2600 ಎಂಎಎಚ್‌ನ ಎರಡು 18650 ಲಿಥಿಯಂ ಸೆಲ್ (ಲ್ಯಾಪ್‌ಟಾಪ್ ಬ್ಯಾಟರಿಯೊಳಗೆ ಇರುವಂಥ ಉರುಟು ಸೆಲ್) ಸಮಾನಾಂತರವಾಗಿ, ಚಾರ್ಜಿಗೆ ಟಿಪಿ 4056 ಬೋರ್ಡ್, 3.7 ವೋಲ್ಟನ್ನು 5ಕ್ಕೆ ಏರಿಸಲು ಒಂದು ಬೂಸ್ಟ್ ಮಾಡ್ಯೂಲ್.

ಮೇಜಿನ ಮೇಲೆ ಚೆನ್ನಾಗಿ ನಡೆಯಿತು. ಸೊಸೈಟಿಯಲ್ಲಿ ಇಟ್ಟ ಮರುದಿನ, ಕರೆಂಟು ಇದ್ದಾಗಲೇ ಪೈ ಆರಿತು. ಕಾರಣ ಬರೀ ಲೆಕ್ಕ. ಪೈ ಮತ್ತು ಪರದೆ ಸೇರಿ ತೆಗೆದುಕೊಳ್ಳುವುದು ಸುಮಾರು 6 ವ್ಯಾಟ್. ಬೂಸ್ಟ್ ಮಾಡ್ಯೂಲಿನ ನಷ್ಟ ಸೇರಿಸಿದರೆ ಸೆಲ್‌ನಿಂದ ಹೊರಗೆ ಹೋಗುವುದು 7 ವ್ಯಾಟ್. ಟಿಪಿ 4056 ಹೆಚ್ಚೆಂದರೆ 1 ಆಂಪಿಯರ್ ಕೊಡುತ್ತದೆ, ಸೆಲ್‌ನ ವೋಲ್ಟೇಜಿನಲ್ಲಿ ಅದು 4 ವ್ಯಾಟ್ ಕೂಡ ಮುಟ್ಟುವುದಿಲ್ಲ. ಗಂಟೆಗೆ 3 ವ್ಯಾಟ್-ಗಂಟೆ ಕೊರತೆ. ಎರಡು ಸೆಲ್‌ನಲ್ಲಿ ಇರುವುದು 19 ವ್ಯಾಟ್-ಗಂಟೆ. ಹಾಗಾಗಿ ಬೆಳಿಗ್ಗೆ ತುಂಬಿದ್ದ ಸೆಲ್, ಗೋಡೆಯಲ್ಲಿ ಪ್ಲಗ್ ಇದ್ದ ಹಾಗೆಯೇ, ಮಧ್ಯಾಹ್ನದ ಹೊತ್ತಿಗೆ ಖಾಲಿ.

ಖಾಲಿಯಾದ ಮೇಲೆ ನಡೆದದ್ದು ಇನ್ನೂ ಕೆಟ್ಟದು. ಬೋರ್ಡಿನ ರಕ್ಷಣಾ ಚಿಪ್ ಸುಮಾರು 2.4 ವೋಲ್ಟಿನಲ್ಲಿ ಸೆಲ್ ಕಡಿದುಹಾಕುತ್ತದೆ. ಹೊರೆ ಇಳಿಯಿತು, ಚಾರ್ಜ್ ಸ್ವಲ್ಪ ಏರಿತು, ಚಿಪ್ ಮತ್ತೆ ಜೋಡಿಸಿತು, ಪೈ ಬೂಟ್ ಆಗಲು ಹೊರಟಿತು, ಅರ್ಧದಲ್ಲಿ ಸತ್ತಿತು. ಸಂಜೆ ಬಾಗಿಲು ಹಾಕಿ ಹೋದ ಮೇಲೆ ಇದು ಬೆಳಗಾಗುವ ತನಕ ನಡೆದು ಮೂರನೆಯ ಎಸ್‌ಡಿ ಕಾರ್ಡನ್ನೂ ತಿಂದಿತು.

ಟಿಪಿ 4056ಕ್ಕೆ ಇನ್ನೊಂದು ಮಿತಿ ಇದೆ. ಚಾರ್ಜ್ ಕರೆಂಟು ಹತ್ತನೇ ಒಂದು ಭಾಗಕ್ಕೆ ಇಳಿದಾಗ ಮಾತ್ರ ಅದು ‘ತುಂಬಿತು’ ಎಂದು ನಿಲ್ಲಿಸುತ್ತದೆ. ಸೆಲ್‌ಗೆ ನೇರವಾಗಿ ಹೊರೆ ಜೋಡಿಸಿದ್ದರೆ ಕರೆಂಟು ಅಷ್ಟಕ್ಕೆ ಇಳಿಯುವುದೇ ಇಲ್ಲ. ಹೊರೆಗೂ ಚಾರ್ಜಿಗೂ ಬೇರೆ ಬೇರೆ ದಾರಿ ಇರುವ ಚಿಪ್‌ಗಳಿವೆ, ಅವುಗಳಿಂದ ಮಾಡಿದ ಸಿದ್ಧ ಬೋರ್ಡ್‌ಗಳೂ ಸಿಗುತ್ತವೆ. ಆದರೆ ಇಲ್ಲಿ ಆ ದಾರಿಗೆ ಹೋಗಲಿಲ್ಲ. ಒಳ್ಳೆಯ 18650 ಸೆಲ್ ಯಾವುದು, ಹಳೆಯ ಲ್ಯಾಪ್‌ಟಾಪಿನಿಂದ ಕಿತ್ತು ಹೊಸ ಹೊದಿಕೆ ಹಾಕಿದ್ದು ಯಾವುದು ಎಂದು ಪೇಟೆಯಲ್ಲಿ ಹೇಳುವವರಿಲ್ಲ. 12 ವೋಲ್ಟ್ 7 ಎಎಚ್ ಸೀಸದ ಬ್ಯಾಟರಿಯಾದರೆ ಯುಪಿಎಸ್ ಮಾರುವ ಯಾವ ಅಂಗಡಿಯಲ್ಲೂ ಸಿಗುತ್ತದೆ, ಹಳೆಯದನ್ನು ಕೊಟ್ಟರೆ ನಾಲ್ಕು ಕಾಸು ಕಡಿಮೆಯೂ ಮಾಡುತ್ತಾರೆ.

ಹಾಗಿದ್ದರೆ ಆ ಬ್ಯಾಟರಿ ಒಳಗೇ ಇರುವ 600 ವಿಎ ಯುಪಿಎಸ್ ತಂದಿಟ್ಟರೆ ಸಾಲದೇ? ಈ ಪ್ರಶ್ನೆ ಆಡಳಿತ ಮಂಡಳಿಯ ಸಭೆಯಲ್ಲೂ ಬಂತು. ಸಾಲದು. 12 ವೋಲ್ಟನ್ನು 230ಕ್ಕೆ ಏರಿಸಿ ಅಡಾಪ್ಟರಿನಲ್ಲಿ ಮತ್ತೆ 5ಕ್ಕೆ ಇಳಿಸುವಾಗ, 6 ವ್ಯಾಟಿನ ಹೊರೆಗಿಂತ ಯುಪಿಎಸ್ ತಾನೇ ನುಂಗುವುದು ಜಾಸ್ತಿ. ಅಗ್ಗದ ಹಲವು ಮಾದರಿಗಳು ಬ್ಯಾಟರಿ ಮುಗಿಯುತ್ತಿದೆ ಎಂದು ಕಂಪ್ಯೂಟರಿಗೆ ತಿಳಿಸುವುದಿಲ್ಲ, ಬೀಪ್ ಹೊಡೆಯುತ್ತವೆ ಅಷ್ಟೇ. ರಾತ್ರಿ ಎರಡು ಗಂಟೆಗೆ ಬೀಪ್ ಕೇಳುವವರು ಯಾರು?

ಮೂರನೆಯ ಯತ್ನ: 12 ವೋಲ್ಟ್

ಹಳೆಯ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರಿನಿಂದ ಆರಂಭ. ಅಲ್ಲಿಂದ ವೋಲ್ಟೇಜನ್ನೂ ಕರೆಂಟನ್ನೂ ಬೇರೆ ಬೇರೆ ತಿರುಗಿಸಿ ಹೊಂದಿಸಬಹುದಾದ ಎಕ್ಸ್‌ಎಲ್ 4015 ಮಾಡ್ಯೂಲ್, ಅದರ ಮುಂದೆ 1ಎನ್ 5822 ಶಾಟ್ಕಿ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವಂಥದ್ದು), ಆಮೇಲೆ ಬ್ಯಾಟರಿ ಮತ್ತು ಹೊರೆ ಒಟ್ಟಿಗೆ. ಡಯೋಡ್ ದಾಟಿದ ಮೇಲೆ ಅಳೆದು 13.6 ವೋಲ್ಟಿಗೆ ಹೊಂದಿಸಿದರು, ಕರೆಂಟು 1.5 ಆಂಪಿಯರಿಗೆ. ಸೀಸದ ಬ್ಯಾಟರಿಯ ಮೈಮೇಲೆ 13.5ರಿಂದ 13.8 ಎಂದು ಬರೆದಿರುತ್ತದೆ, ಆದರೆ ಅದು 25 ಡಿಗ್ರಿಗೆ. ತಗಡಿನ ಮಾಡಿನ ಕೆಳಗೆ ಅಷ್ಟು ತಂಪು ಎಲ್ಲಿ ಸಿಗುತ್ತದೆ? ಒಂದು ಡಿಗ್ರಿ ಏರಿದರೆ 12 ವೋಲ್ಟಿನ ಬ್ಯಾಟರಿಗೆ ಸುಮಾರು 18 ಮಿಲಿವೋಲ್ಟ್ ಇಳಿಸಬೇಕು. 13.8ಕ್ಕೆ ಇಟ್ಟುಬಿಟ್ಟರೆ ಒಳಗಿನ ನೀರು ಬೇಗ ಒಣಗುತ್ತದೆ.

ಕರೆಂಟಿಗೆ ಮಿತಿ ಹಾಕಿದ್ದಕ್ಕೆ ಕಾರಣ, 7 ಎಎಚ್ ಬ್ಯಾಟರಿ ಖಾಲಿಯಾಗಿದ್ದಾಗ 2 ಆಂಪಿಯರಿಗಿಂತ ಹೆಚ್ಚು ತಳ್ಳಬಾರದು. 1.5ರಲ್ಲಿ ಹೊರೆಗೆ 0.6 ಹೋದರೆ ಬ್ಯಾಟರಿಗೆ 0.9 ಸಿಗುತ್ತದೆ. ಎರಡನೆಯ ಯತ್ನದಲ್ಲಿ ಹಾಕದೆ ಬಿಟ್ಟ ಲೆಕ್ಕವೇ ಇದು.

ಬ್ಯಾಟರಿಯ ಪಾಸಿಟಿವ್ ತುದಿಯಿಂದ ಒಂದು ಗೇಣಿನ ಒಳಗೆ 2 ಆಂಪಿಯರ್ ಫ್ಯೂಸ್. ಅಲ್ಲಿಂದ ಎಲ್‌ಎಂ 2596 ಬಕ್ ಮಾಡ್ಯೂಲ್ (ವೋಲ್ಟೇಜ್ ಇಳಿಸುವಂಥದ್ದು), ಔಟ್‌ಪುಟ್ 5.2 ವೋಲ್ಟ್, ಪೈಗೆ ತಲುಪುವಾಗ 5.1. ಪೈ 4.63 ವೋಲ್ಟಿನ ಆಸುಪಾಸಿಗೆ ಇಳಿದರೆ ಮಿಂಚಿನ ಗುರುತು ತೋರಿಸಿ ವೇಗ ಇಳಿಸಿಕೊಳ್ಳುತ್ತದೆ. ತೆಳ್ಳಗಿನ ಮೊಬೈಲ್ ಕೇಬಲ್ ಒಂದೇ ಸಾಕು ಅಲ್ಲಿಗೆ ಇಳಿಸಲು. ಒಂದು ಅಡಿಗಿಂತ ಉದ್ದವಿಲ್ಲದ ದಪ್ಪ ತಂತಿಗೆ ಮೈಕ್ರೋ ಯುಎಸ್‌ಬಿ ಪಿನ್ ಬೆಸುಗೆ ಹಾಕಿದ್ದರಿಂದ ಆ ತೊಂದರೆ ಬರಲಿಲ್ಲ. ಬಕ್ ಮಾಡ್ಯೂಲ್ ಶಾರ್ಟ್ ಆಗಿ ಸತ್ತರೆ 12 ವೋಲ್ಟ್ ನೇರವಾಗಿ ಪೈ ಮೇಲೆ ಬೀಳುತ್ತದೆ, ಅದಕ್ಕೆ ತಡೆಯಾಗಿ 5.6 ವೋಲ್ಟ್ 5 ವ್ಯಾಟ್ ಜೀನರ್ ಡಯೋಡ್. ಅದು ತಾನು ಸುಟ್ಟುಹೋದರೂ ಫ್ಯೂಸ್ ಹಾರಿಸುತ್ತದೆ.

ಬ್ಯಾಟರಿ 12.0 ವೋಲ್ಟಿಗೆ ಇಳಿದು ಒಂದು ನಿಮಿಷ ಹಾಗೆಯೇ ಇದ್ದರೆ ಪೈ ತಾನೇ ಶಟ್‌ಡೌನ್ ಆಗಬೇಕು. ವೋಲ್ಟೇಜ್ ಓದಲು ಐಎನ್‌ಎ 219 ಮಾಡ್ಯೂಲ್, ಒಂದು ಚಿಕ್ಕ ಪೈಥಾನ್ ಸ್ಕ್ರಿಪ್ಟ್. ಹೊಸ ಬ್ಯಾಟರಿಯಲ್ಲಿ ಆರು ಗಂಟೆ ದಾಟಿ ನಡೆಯಿತು. 12.0ಕ್ಕೆ ನಿಲ್ಲಿಸಿದರೆ ಅರ್ಧದಷ್ಟು ಉಳಿದಿರುತ್ತದೆ ಎಂಬುದು ನಿಜ. ಆದರೆ ಈ ಜಾತಿಯ ಬ್ಯಾಟರಿಯನ್ನು ಪ್ರತಿ ಸಲ ತಳ ಕಾಣಿಸಿದರೆ ಇನ್ನೂರು ಸಲಕ್ಕೆ ಸೋಲುತ್ತದೆ, ಅರ್ಧಕ್ಕೆ ನಿಲ್ಲಿಸಿದರೆ ಅದರ ಎರಡರಷ್ಟು ಬರುತ್ತದೆ.

ಇಷ್ಟಾದಾಗ ಎಲ್ಲರೂ ಕೆಲಸ ಮುಗಿಯಿತು ಎಂದುಕೊಂಡರು.

ತಿರುವು

ಜುಲೈಯ ಒಂದು ರಾತ್ರಿ ಗಾಳಿಮಳೆಗೆ ಕರೆಂಟು ಹೋಯಿತು. ನಡುರಾತ್ರಿ ಕಳೆದ ಮೇಲೆ ಬ್ಯಾಟರಿ 12.0ಕ್ಕೆ ಇಳಿದು ಪೈ ಶಿಸ್ತಾಗಿ ಮಲಗಿತು. ಬೆಳಗಾಗುವ ಮೊದಲೇ ಕರೆಂಟು ಬಂತು. ಐದೂವರೆಗೆ ಬಾಗಿಲು ತೆರೆದಾಗ ಪರದೆ ಕಪ್ಪು. ಪೈ ಮೇಲೆ ಕೆಂಪು ದೀಪ ಉರಿಯುತ್ತಿದೆ, ಹಸಿರು ದೀಪ ಮಿನುಗುತ್ತಿಲ್ಲ. ಕಾರ್ಯದರ್ಶಿ ಗೋಡೆಯ ಸ್ವಿಚ್ ಆಫ್ ಮಾಡಿ ಆನ್ ಮಾಡಿದರು, ಏನೂ ಆಗಲಿಲ್ಲ. ಆಗುವುದಾದರೂ ಹೇಗೆ, ಹಿಂದಿನಿಂದ ಬ್ಯಾಟರಿ 5 ವೋಲ್ಟ್ ಕೊಡುತ್ತಲೇ ಇತ್ತು. ಅಂದು ಚೀಟಿ ಬರೆದದ್ದು ಕೈಯಲ್ಲಿ.

ಶಟ್‌ಡೌನ್ ಆದ ಪೈ ಮತ್ತೆ ತಾನಾಗಿ ಏಳಬೇಕಾದರೆ ಅದರ 5 ವೋಲ್ಟ್ ಒಮ್ಮೆ ಪೂರ್ತಿ ಹೋಗಿ ಬರಬೇಕು. ಬ್ಯಾಕಪ್ ಇಲ್ಲದ ಕಾಲದಲ್ಲಿ ಅದು ತಾನಾಗಿ ಆಗುತ್ತಿತ್ತು. ಬ್ಯಾಟರಿ ಸೇರಿಸಿದ ಮೇಲೆ, ಬ್ಯಾಟರಿ ಪೂರ್ತಿ ಸಾಯದೆ ಅದು ಆಗುವುದಿಲ್ಲ. ಇಂಥ ಜೋಡಣೆಗಳಲ್ಲಿ ‘ಎಷ್ಟು ಗಂಟೆ ಓಡುತ್ತದೆ’ ಎಂದು ಎಲ್ಲರೂ ಕೇಳುತ್ತಾರೆ. ‘ಮಲಗಿದ್ದನ್ನು ಯಾರು ಎಬ್ಬಿಸುತ್ತಾರೆ’ ಎಂಬ ಪ್ರಶ್ನೆ ಹೀಗೆ ಒಂದು ಬೆಳಿಗ್ಗೆ ಕೆಟ್ಟ ಮೇಲೆಯೇ ಬರುವುದು.

ಪೆಟ್ಟಿಗೆಗೆ ಒಂದು ಸ್ವಿಚ್ ಇಡೋಣ ಎಂಬ ಸಲಹೆ ಬಂತು. ಬೇಡವೆಂದರು, ಸ್ವಿಚ್ ಇದ್ದರೆ ಪರದೆ ಸ್ವಲ್ಪ ತಡವಾದಾಗಲೂ ಒತ್ತುವವರಿರುತ್ತಾರೆ. ಪೈಯ ಜಿಪಿಐಒ 3 ಪಿನ್ (ಹೊರಗಿನ ಸಿಗ್ನಲ್‌ಗೆಂದು ಇರುವ ಪಿನ್‌ಗಳಲ್ಲಿ ಒಂದು) ನೆಲಕ್ಕೆ, ಅಂದರೆ ನೆಗೆಟಿವ್ ತಂತಿಗೆ, ತಾಗಿಸಿದರೆ ಮಲಗಿದ ಪೈ ಏಳುತ್ತದೆ, ಅದನ್ನು ಬಳಸಬಹುದಿತ್ತು. ಆದರೆ ಆ ಪಿನ್, ಗಡಿಯಾರದ ಮಾಡ್ಯೂಲ್ ಪೈ ಜೊತೆ ಮಾತಾಡುವ ಐ-ಸ್ಕ್ವೇರ್ಡ್-ಸಿ ತಂತಿಯೂ ಹೌದು. ಅದಲ್ಲದೆ ಮಲಗುವಾಗ ಅರ್ಧದಲ್ಲಿ ಸಿಕ್ಕಿಹಾಕಿಕೊಂಡ ಪೈಗೆ ಆ ಪಿನ್ ಏನೂ ಮಾಡದು. ಕೊನೆಗೆ ಒಂದು ಚಿಕ್ಕ ಮೈಕ್ರೋಕಂಟ್ರೋಲರ್ ಕಾವಲಿಗೆ ಇಡುವುದೆಂದು ತೀರ್ಮಾನವಾಯಿತು.

ಕಾವಲುಗಾರ

ಕಾವಲಿಗೆ ಇಟ್ಟ ಎಟಿಟೈನಿ 85 ಎಂಟು ಕಾಲಿನ ಚಿಪ್. ರೀಸೆಟ್ ಬಿಟ್ಟರೆ ಬಳಕೆಗೆ ಸಿಗುವುದು ಐದು ಪಿನ್, ಇಲ್ಲಿ ಬೇಕಾದದ್ದೂ ಐದೇ: ಕರೆಂಟು ಇದೆಯೇ, ಬ್ಯಾಟರಿ ಎಷ್ಟಿದೆ, ಪೈಗೆ ಮಲಗು ಎನ್ನುವುದು, ಪೈ ಮಲಗಿತೇ ಎಂದು ಕೇಳುವುದು, 5 ವೋಲ್ಟ್ ಕಡಿಯುವುದು.

ಅದಕ್ಕೆ ಎಚ್‌ಟಿ 7533 ರೆಗ್ಯುಲೇಟರಿನಿಂದ 3.3 ವೋಲ್ಟ್ ಕೊಟ್ಟರು. ಈ ರೆಗ್ಯುಲೇಟರ್ ತಾನು ತಿನ್ನುವುದು ಕೆಲವೇ ಮೈಕ್ರೋಆಂಪಿಯರ್. ಪೈ ಪಿನ್‌ಗಳೂ 3.3 ವೋಲ್ಟಿನವೇ ಆದ್ದರಿಂದ ನಡುವೆ ಬೇರೆ ಹೊಂದಾಣಿಕೆ ಬೇಡ. ವೋಲ್ಟೇಜ್ ಅಳೆಯಲು 100 ಕಿಲೋ ಓಮ್ ಮತ್ತು 15 ಕಿಲೋ ಓಮ್ ರೆಸಿಸ್ಟರ್ ಜೋಡಿ ಎರಡು, ಒಂದೊಂದಕ್ಕೂ 100 ನ್ಯಾನೋಫ್ಯಾರಡ್ ಕೆಪಾಸಿಟರ್. 19 ವೋಲ್ಟ್ ಇದ್ದಾಗ ಪಿನ್‌ಗೆ ಬರುವುದು 2.5 ವೋಲ್ಟ್. ಕರೆಂಟು ಇದೆಯೇ ಎಂದು ನೋಡುವ ಜೋಡಿಯನ್ನು 19 ವೋಲ್ಟಿನ ಬದಿಯಲ್ಲೇ ಇಡಬೇಕು. ಡಯೋಡಿನ ಈಚೆ ಇಟ್ಟರೆ ಅದು ನೋಡುವುದು ಬ್ಯಾಟರಿಯನ್ನೇ, ಕರೆಂಟು ಯಾವಾಗಲೂ ‘ಇದೆ’.

5 ವೋಲ್ಟ್ ಕಡಿಯಲು ಬಕ್ ಮಾಡ್ಯೂಲಿನ ಮೊದಲು ಐಆರ್‌ಎಫ್ 9540 ಪಿ-ಚಾನೆಲ್ ಮಾಸ್ಫೆಟ್ (ಸ್ವಿಚ್ಚಿನಂತೆ ಕೆಲಸ ಮಾಡುವಂಥದ್ದು), ಅದರ ಗೇಟನ್ನು, ಅಂದರೆ ಆನ್-ಆಫ್ ಮಾಡುವ ಕಾಲನ್ನು, ಎಳೆಯಲು ಬಿ.ಸಿ. 547 ಟ್ರಾನ್ಸಿಸ್ಟರ್. ಯುವಕನ ಕೈಯಲ್ಲಿ ಎಒ 3401 ಮಾಸ್ಫೆಟ್ ಇತ್ತು. ಚಿಕ್ಕದು, ಅಗ್ಗ, 30 ವೋಲ್ಟ್ ತಾಳುತ್ತದೆ. ಆದರೆ ಗೇಟ್ ತಾಳುವುದು 12 ವೋಲ್ಟ್ ಮಾತ್ರ, ಇಲ್ಲಿರುವುದು 13.6. ಮೊದಲ ದಿನವೇ ಸಾಯುವುದಿಲ್ಲ, ಯಾವತ್ತೋ ಒಂದು ದಿನ ಸಾಯುತ್ತದೆ, ಹಾಗಾಗಿ ಅದನ್ನು ಬಿಟ್ಟರು.

ಪೈ ಬದಿಯಲ್ಲಿ ಕಾನ್ಫಿಗ್ ಫೈಲಿಗೆ ಎರಡು ಸಾಲು, ಒಂದೊಂದೂ ಒಂದು ಪಿನ್‌ಗೆ ಕೆಲಸ ವಹಿಸುವ ಓವರ್‌ಲೇ. ಜಿಪಿಐಒ-ಶಟ್‌ಡೌನ್ ಓವರ್‌ಲೇಯನ್ನು ಪಿನ್ 17ಕ್ಕೆ ಹಾಕಿದರು, ಪಿನ್ ಯಾವುದೆಂದು ಹೇಳದೆ ಬಿಟ್ಟರೆ ಅದು ಪಿನ್ 3ನ್ನೇ ಹಿಡಿಯುತ್ತದೆ. ಜಿಪಿಐಒ-ಪವರ್‌ಆಫ್ ಓವರ್‌ಲೇ ಪಿನ್ 26ರಲ್ಲಿ, ಪೈ ಪೂರ್ತಿ ಮಲಗಿದ ಮೇಲೆ ಇದು ಮೇಲಕ್ಕೇರುತ್ತದೆ. ಎಟಿಟೈನಿಯಿಂದ ಪೈಗೆ ಹೋಗುವ ತಂತಿಯನ್ನು ಎಂದೂ 3.3ಕ್ಕೆ ಏರಿಸುವುದಿಲ್ಲ. ಸುಮ್ಮನಿರುವಾಗ ಆ ಪಿನ್ ಇನ್‌ಪುಟ್ ಆಗಿರುತ್ತದೆ, ಮಲಗು ಎನ್ನುವಾಗ ಮಾತ್ರ ನೆಲಕ್ಕೆ ಎಳೆಯುತ್ತದೆ. 5 ವೋಲ್ಟ್ ಕಡಿದ ಪೈಗೆ ಸಿಗ್ನಲ್ ತಂತಿಯಿಂದ ಕರೆಂಟು ನುಸುಳಬಾರದಲ್ಲ.

ಏಳುವ ನಿಯಮದ ಬಗ್ಗೆ ಸ್ವಲ್ಪ ಜಗ್ಗಾಟವಾಯಿತು. ಬ್ಯಾಟರಿ 12.4 ದಾಟಿರಬೇಕು, ಕರೆಂಟು ಬಂದು ಹತ್ತು ನಿಮಿಷ ನಿಂತಿರಬೇಕು ಎಂದು ಯುವಕ ಬರೆದಿದ್ದ.

‘ಹತ್ತು ನಿಮಿಷ ಜನ ಹಾಲಿನ ಕ್ಯಾನ್ ಹಿಡ್ಕೊಂಡು ನಿಲ್ಲುದಾ ಮಾರಾಯ?’ ಎಂದರು ಕಾರ್ಯದರ್ಶಿ.

‘ಬೇಗ ಎಬ್ಬಿಸಿದ್ರೆ ಕರೆಂಟು ಮತ್ತೆ ಹೋದಾಗ ಬ್ಯಾಟರಿ ಸಾಕಾಗುದಿಲ್ಲ ಅಕ್ಕ.’

‘ಎಷ್ಟು ಹೊತ್ತಿಗೆ ಸಾಕಾಗ್ಬೇಕು?’

ಕೆಲಸ ಮಾಡಿದ್ದು ಈ ಪ್ರಶ್ನೆ. ಎದ್ದ ಪೈಗೆ ಬೇಕಾದದ್ದು ಮತ್ತೊಂದು ಸಲ ಸರಿಯಾಗಿ ಮಲಗುವಷ್ಟು ಶಕ್ತಿ, ಅಂದರೆ ಒಂದು ನಿಮಿಷದ್ದು. ಆರು ಗಂಟೆಯದ್ದಲ್ಲ. ಹತ್ತು ನಿಮಿಷ ಎರಡಕ್ಕೆ ಇಳಿಯಿತು. ಆದರೆ ‘ಕರೆಂಟು ಇರಬೇಕು’ ಎಂಬ ಷರತ್ತನ್ನು ಮಾತ್ರ ಸಡಿಲಿಸಲಿಲ್ಲ. ಹೊರೆ ಇಳಿದ ಕೂಡಲೇ ಸೀಸದ ಬ್ಯಾಟರಿ 12.0ರಿಂದ ತಾನಾಗಿ 12.2, 12.3ಕ್ಕೆ ಮೇಲೇಳುತ್ತದೆ, ಕೆಲವೊಮ್ಮೆ ಅದಕ್ಕೂ ಮೇಲೆ. ವೋಲ್ಟೇಜ್ ಮಾತ್ರ ನೋಡಿ ಎಬ್ಬಿಸಿದರೆ 18650ರ ಏಳು-ಬೀಳಿನ ಆಟ ಇಲ್ಲೂ ಶುರುವಾಗುತ್ತದೆ.

ಉಳಿದಿದ್ದ ಎರಡು ತೂತು

ಪರೀಕ್ಷೆಗೆ ಬ್ಯಾಟರಿ ಖಾಲಿ ಮಾಡುತ್ತಾ ಕೂರುವ ಅಗತ್ಯವಿಲ್ಲ. ಬ್ಯಾಟರಿಯ ಜಾಗದಲ್ಲಿ ವೋಲ್ಟೇಜ್ ತಿರುಗಿಸಿ ಹೊಂದಿಸುವ ಬೆಂಚ್ ಸಪ್ಲೈ ಇಟ್ಟು 12.6ರಿಂದ ಮೆಲ್ಲಗೆ ಇಳಿಸಿದರು. ಶಟ್‌ಡೌನ್ ಶುರುವಾದ ಕೂಡಲೇ, ಐದು ಸೆಕೆಂಡಿಗೆ, ಇಪ್ಪತ್ತಕ್ಕೆ, ನಲವತ್ತಕ್ಕೆ, ಹೀಗೆ ಬೇರೆ ಬೇರೆ ಗಳಿಗೆಯಲ್ಲಿ 19 ವೋಲ್ಟಿನ ಪ್ಲಗ್ ಮತ್ತೆ ಚುಚ್ಚಿದರು.

ಐದನೇ ಸೆಕೆಂಡಿನಲ್ಲಿ ಸಿಕ್ಕಿತು ಮೊದಲ ತೂತು. ‘ಕರೆಂಟು ಬಂದರೆ ಶಟ್‌ಡೌನ್ ರದ್ದು’ ಎಂದು ಪ್ರೋಗ್ರಾಮಿನಲ್ಲಿ ಒಂದು ಸಾಲು ಇತ್ತು. ಓದುವಾಗ ಅದು ಜಾಣತನದಂತೆಯೇ ಕಾಣುತ್ತದೆ. ಎಟಿಟೈನಿ ರದ್ದು ಮಾಡಿ ಸುಮ್ಮನಾಯಿತು, ಅಷ್ಟರಲ್ಲಿ ಪೈ ಆಜ್ಞೆ ತೆಗೆದುಕೊಂಡು ಮಲಗಲು ಹೊರಟಾಗಿತ್ತು. ಫಲ, ಜುಲೈಯ ಬೆಳಗಿನ ಅದೇ ಕೆಂಪು ದೀಪ. ಆ ಸಾಲು ತೆಗೆದು, ಒಮ್ಮೆ ಮಲಗು ಎಂದರೆ ನಡುವೆ ಏನೇ ಬಂದರೂ ಪೂರ್ತಿ ಮಾಡು ಎಂದು ಬರೆದರು: ಪಿನ್ 26 ಏರುವ ತನಕ ಕಾಯಬೇಕು, ಏರದಿದ್ದರೆ 90 ಸೆಕೆಂಡ್, ಆಮೇಲೆ 5 ವೋಲ್ಟ್ ಕಡಿದು ಹತ್ತು ಸೆಕೆಂಡ್ ಬಿಡಬೇಕು, ಏಳುವ ವಿಚಾರ ಅದಾದ ಮೇಲೆ. 11.5 ವೋಲ್ಟಿಗೆ ಇಳಿದರೆ ಮಾತ್ರ ಯಾರನ್ನೂ ಕೇಳದೆ ಕಡಿಯುತ್ತದೆ.

ಎರಡನೆಯದು ಬೆಂಚಿನಲ್ಲಿ ಸಿಗಲಿಲ್ಲ, ಸೊಸೈಟಿಯಲ್ಲೇ ಸಿಕ್ಕಿತು. ಎಲ್ಲ ಕಡಿದ ಮೇಲೂ ಪೈಯ ಕೆಂಪು ದೀಪ ಮಂಕಾಗಿ ಉರಿಯುತ್ತಿತ್ತು. 5 ವೋಲ್ಟಿನ ಪಿನ್‌ನಲ್ಲಿ ಮೀಟರ್ ಇಟ್ಟರೆ 2 ವೋಲ್ಟಿನ ಹತ್ತಿರ. ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ತನ್ನ 5 ವೋಲ್ಟನ್ನು ಹಿಮ್ಮುಖವಾಗಿ ಪೈಗೆ ಕೊಡುತ್ತಿತ್ತು. ಹೀಗೆ ಅರೆಜೀವದಲ್ಲಿದ್ದ ಪೈ, ಮತ್ತೆ 5 ವೋಲ್ಟ್ ಬಂದಾಗ ಬೂಟ್ ಆಗಲು ನಿರಾಕರಿಸಿತು. ಹಬ್ಬಿನಿಂದ ಪೈಗೆ ಬರುವ ಕೇಬಲಿನ ಹೊದಿಕೆ ಬಿಡಿಸಿ ಕೆಂಪು ತಂತಿ ಕತ್ತರಿಸಿದಲ್ಲಿಗೆ ಸರಿಹೋಯಿತು. ಬೇರೆ ಅಡಾಪ್ಟರ್ ಇರುವ ಎಚ್‌ಡಿಎಂಐ ಪರದೆಯಿಂದಲೂ ಹೀಗಾಗಬಹುದು. ಇಲ್ಲಿ ಪರದೆ ಪೈಯ ಜೊತೆಗೇ ಆರುವುದರಿಂದ ತೊಂದರೆಯಾಗಲಿಲ್ಲ.

ಫಲ

ಆ ಮಳೆಗಾಲದ ಉಳಿದ ಭಾಗ ಮತ್ತು ತುಲಾ ಮಳೆ ಕಳೆಯಿತು. ಎಸ್‌ಡಿ ಕಾರ್ಡ್ ಕೆಡಲಿಲ್ಲ, ಬೆಳಿಗ್ಗೆ ಪೈ ಎಬ್ಬಿಸಲು ಯಾರನ್ನೂ ಕರೆಯಬೇಕಾಗಲಿಲ್ಲ. ಕಾರ್ಡ್ ಉಳಿದದ್ದಕ್ಕೆ ಬ್ಯಾಟರಿಗೊಂದಕ್ಕೇ ಹೆಸರು ಸಲ್ಲದು. ಸಿಸ್ಟಮ್ ಲಾಗ್‌ಗಳನ್ನು ಮೆಮೊರಿಯಲ್ಲಷ್ಟೇ ಇಡುವಂತೆ ಬದಲಿಸಿದ್ದರು, ಸಿಕ್ವೆಲೈಟ್ ಡೇಟಾಬೇಸಿನಲ್ಲಿ ಒಂದೊಂದು ಚೀಟಿಯೂ ಆಗಲೇ ಕಾರ್ಡಿಗೆ ಇಳಿಯುವಂತೆ ಸಿಂಕ್ರೋನಸ್ ಫುಲ್ ಮಾಡಿದ್ದರು.

ಪ್ರಿಂಟರನ್ನು ಬ್ಯಾಕಪ್‌ಗೆ ಸೇರಿಸಲಿಲ್ಲ. ಮುದ್ರಿಸುವ ಕ್ಷಣದಲ್ಲಿ ಅದು 2 ಆಂಪಿಯರ್ ಎಳೆಯುತ್ತದೆ. ಕರೆಂಟು ಇಲ್ಲದಾಗ ಸದಸ್ಯರು ಪರದೆಯಲ್ಲಿ ಅಂಕಿ ನೋಡಿ ಹೋಗುತ್ತಾರೆ, ಚೀಟಿ ಮರುಹೊತ್ತಿಗೆ. ಇದಕ್ಕೆ ಒಬ್ಬಿಬ್ಬರು ಗೊಣಗುವುದು ಈಗಲೂ ಇದೆ.

ಡಿಸೆಂಬರಿನಲ್ಲಿ ಪೆಟ್ಟಿಗೆ ಬಿಚ್ಚಿದಾಗ ಗಾಳಿ ಆಡಲೆಂದು ಬಿಟ್ಟಿದ್ದ ರಂಧ್ರದಿಂದ ಇರುವೆ ಹೊಕ್ಕು ಬೋರ್ಡಿನ ಕೆಳಗೆ ಮನೆ ಮಾಡಿತ್ತು. ರಂಧ್ರ ಮುಚ್ಚುವಂತಿಲ್ಲ, ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡಬಹುದು. ಸಣ್ಣ ಕಣ್ಣಿನ ಸ್ಟೀಲ್ ಬಲೆ ಅಂಟಿಸಿದರು. ತಳ್ಳಿ ಸಿಕ್ಕಿಸುವ ಜಂಪರ್ ತಂತಿಗಳ ತುದಿ ಹಸಿರುಗಟ್ಟಿದ್ದರಿಂದ ಅವನ್ನೆಲ್ಲ ಬೆಸುಗೆ ಹಾಕಿ ವಾರ್ನಿಷ್ ಬಳಿದರು. ವರ್ಷಕ್ಕೊಮ್ಮೆ, ಮಳೆ ಹಿಡಿಯುವ ಮೊದಲು, ಕಾರಿನ 21 ವ್ಯಾಟ್ ಬಲ್ಬ್ ಜೋಡಿಸಿ 12.0ಕ್ಕೆ ಇಳಿಯಲು ಎಷ್ಟು ಹೊತ್ತು ಬೇಕು ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತಾರೆ. ಹೊಸದಿದ್ದಾಗಿನ ಸಮಯದ ಅರ್ಧಕ್ಕೆ ಬಂದರೆ ಬ್ಯಾಟರಿ ಬದಲಿಸುವುದೆಂದು ಒಪ್ಪಂದ.

ಇದನ್ನು ನೋಡಿ ಹತ್ತಿರದ ಇನ್ನೊಂದು ಸೊಸೈಟಿಯವರು ಸೀಸದ ಬದಲು ನಾಲ್ಕು ಸೆಲ್ಲಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಲು ಹೊರಟರು. ಹಾಕಬಹುದು, ಹಗುರ, ಬಾಳಿಕೆಯೂ ಹೆಚ್ಚು. ಆದರೆ ಅದರ ವೋಲ್ಟೇಜ್ 13.2ರ ಆಸುಪಾಸಿನಲ್ಲಿ ಬಹುಪಾಲು ನೆಟ್ಟಗೆ ನಿಂತಿದ್ದು ಕೊನೆಯಲ್ಲಿ ಒಮ್ಮೆಲೇ ಬೀಳುತ್ತದೆ. 12.0ಕ್ಕೆ ಇಳಿಯುವ ಹೊತ್ತಿಗೆ ಉಳಿದಿರುವುದು ಅರ್ಧವಲ್ಲ, ತಳದ ಸ್ವಲ್ಪ. ಅಲ್ಲಿ ಮಲಗುವ ಮಿತಿಯನ್ನು 12.6ಕ್ಕೆ, ಬಲವಂತದ ಕಡಿತವನ್ನು 11.8ಕ್ಕೆ, ಏಳುವ ಮಿತಿಯನ್ನು 13.0ಕ್ಕೆ ಏರಿಸಿದರು. ಉಳಿದ ತಂತಿ ಜೋಡಣೆ ಇದ್ದ ಹಾಗೆಯೇ ನಡೆಯಿತು.